ನಿನ್ನೆ ಆಡ್ತಿದ್ಯಲ್ಲ?

ಮಕ್ಕಳಿಗೂ ಸಂಧಿವಾತ ಬರುತ್ತೆ ಅಂದರೆ ನಮ್ಮ ಆಫೀಸಿನಲ್ಲಿ ನಗುತ್ತಾರೆ. "ಅದು ಅಜ್ಜಿಯರ ಕಾಯಿಲೆ ಕಣೋ!" ಅಲ್ಲ ಸ್ವಾಮಿ. 16 ತುಂಬುವ ಮೊದಲೇ ಶುರುವಾಗಿ, 6 ವಾರವಾದರೂ ಕೀಲಿನ ಉರಿಯೂತ ಇಳಿಯದೆ, ಬೇರೆ ಕಾರಣವೂ ಸಿಗದಿದ್ದರೆ ಡಾಕ್ಟರು ಅದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಅನ್ನುತ್ತಾರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಕಾಯಿಲೆಯ ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ನನ್ನ ಜಗಳ ಏನಿದ್ದರೂ ಗೊತ್ತಾದ ಮೇಲೆ ಶುರುವಾಗುವ ಉಪದೇಶದ ಜೊತೆ. "ಪಾಸಿಟಿವ್ ಆಗಿರು ಪುಟ್ಟಾ", "ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ", "ಮೋಟಿವೇಶನ್ ಬೇಕು ಇವಳಿಗೆ".

ಈ ಕಾಯಿಲೆಗೆ ಹಾಜರಿ ಪುಸ್ತಕ ಇಲ್ಲ ಕಣ್ರೀ. ಬೆಳಿಗ್ಗೆ ಮರದಂತೆ ಬಿಗಿದ ಕೈಕಾಲು ಮಧ್ಯಾಹ್ನಕ್ಕೆ ಸಡಿಲವಾಗಬಹುದು. ಈ ವಾರ ಆರಾಮ, ಮುಂದಿನ ವಾರ ಮತ್ತೆ ಊತ. ನನ್ನ ಅಕ್ಕನ ಮಗಳಿಗೆ 9 ವರ್ಷ. ಒಂದು ಸೋಮವಾರ ಖೋಖೋ ಆಡಿದಳು. ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲೂ ಆಗಲಿಲ್ಲ. ಆಟದ ಪೀರಿಯಡ್ಡಿನಲ್ಲಿ ಪೀಟಿ ಮೇಷ್ಟ್ರು ಎಲ್ಲರೆದುರು ಕೇಳಿದರು: "ನಿನ್ನೆ ಆಡ್ತಿದ್ಯಲ್ಲ, ಇವತ್ತೇನು ನಾಟಕ?"

ಅವತ್ತು ಅವಳು ಒಂದು ಲೆಕ್ಕ ಕಲಿತಳು. ಚೆನ್ನಾಗಿರುವ ದಿನ ಆಡಿದರೆ, ನೋವಿರುವ ದಿನ ಯಾರೂ ನಂಬಲ್ಲ. ಈಗ ಚೆನ್ನಾಗಿರುವ ದಿನವೂ ಮರದಡಿ ಸುಮ್ಮನೆ ಕೂರುತ್ತಾಳೆ. ಇಂಥ ಮಕ್ಕಳು ಆದಷ್ಟು ಓಡಾಡಲಿ, ಈಜಲಿ, ಸೈಕಲ್ ತುಳಿಯಲಿ ಅಂತ ಡಾಕ್ಟರೇ ಹೇಳುತ್ತಾರೆ. ಅದನ್ನೇ ನಾವು ಕಿತ್ತುಕೊಂಡು, ಆಮೇಲೆ ಹುಮ್ಮಸ್ಸಿಲ್ಲ ಅಂತ ದೂರುತ್ತೇವೆ. ಹುಮ್ಮಸ್ಸು ಬೇಕಾದಷ್ಟಿತ್ತು. ಅದಕ್ಕೆ ದಂಡ ಹಾಕಿದವರು ದೊಡ್ಡವರು.

ನಮ್ಮದನ್ನೇ ನೋಡಿಕೊಳ್ಳೋಣ. ಬೆನ್ನು ಹಿಡಿಯಿತು ಅಂದರೆ ಸಾಕು, ವರ್ಕ್ ಫ್ರಮ್ ಹೋಮ್, ಸೊಂಟಕ್ಕೆ ಆಸರೆ ಕೊಡುವ ದುಬಾರಿ ಕುರ್ಚಿ. "ನಿನ್ನೆ ಜಿಮ್ಮಿಗೆ ಹೋಗಿದ್ಯಲ್ಲ?" ಅಂತ ಮ್ಯಾನೇಜರ್ ಕೇಳಿದರೆ ಅರ್ಧ ಗಂಟೆಯೊಳಗೆ ಎಚ್‌ಆರ್‌ಗೆ ಮೇಲ್ ಹೋಗಿರುತ್ತದೆ. 9 ವರ್ಷದ ಮಗು ಯಾರಿಗೆ ಮೇಲ್ ಹಾಕಬೇಕು?

"ಎಲ್ಲರೂ ಹೀಗೇ ನೆಪ ಹೇಳಿದ್ರೆ?" ಅನ್ನುತ್ತೀರಿ. ಹೇಳಲಿ ಬಿಡಿ. ಸುಳ್ಳು ಹೇಳಿದ ಮಗು ಒಂದು ಪೀಟಿ ಪೀರಿಯಡ್ ತಪ್ಪಿಸಿಕೊಳ್ಳಬಹುದು, ಅಷ್ಟೇ. ನಿಜ ಹೇಳಿಯೂ ನಂಬಿಸಲಾಗದ ಮಗು ನೋವನ್ನು ಹೇಳುವುದನ್ನೇ ಬಿಡುತ್ತದೆ. ಆಮೇಲೆ ಡಾಕ್ಟರಿಗೂ ಹೇಳುವುದಿಲ್ಲ.

ಆದ್ದರಿಂದ ಮೋಟಿವೇಶನ್ ಭಾಷಣ ಸಾಕು. ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಮಗುವಿದ್ದರೆ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ನೀವೂ ಅವರ ಜೊತೆ ನಿಂತು ಕೇಳಿ: ಕ್ಲಾಸು ನೆಲಮಹಡಿಗೆ ಬರಲಿ, ಬೆಳಿಗ್ಗೆ ಹತ್ತು ನಿಮಿಷ ತಡವಾದರೆ ಬೈಯದಿರಲಿ, ಪರೀಕ್ಷೆಯಲ್ಲಿ ಬರೆಯಲು ಹೆಚ್ಚು ಸಮಯ ಕೊಡಲಿ. ಆಟಕ್ಕೆ ಬರುವುದೋ ಬೇಡವೋ ಅನ್ನುವುದನ್ನು ಆಯಾ ದಿನ ಆ ಮಗುವೇ ಹೇಳಲಿ, ಮೇಷ್ಟ್ರು ನಂಬಲಿ.