ಒಟಿಪಿ ಯಾರಿಗೂ ಹೇಳಬೇಡಿ, ಕಣ್ಣು ಕಾಣದವರನ್ನು ಬಿಟ್ಟು!

ರೋಣ, ನರಗುಂದ, ಗಜೇಂದ್ರಗಡ, ಎಲ್ಲೇ ಹೋಗಿ, ಸರ್ಕಾರಿ ಕೆಲಸ ಅಂದ್ರೆ ಈಗ ಒಂದೇ ಮಾತು: ‘ಆನ್‌ಲೈನ್‌ನ್ಯಾಗ ಅರ್ಜಿ ಹಾಕ್ರಿ.’

ಕಣ್ಣು ಕಾಣದವರೂ ಹಾಕಬಲ್ಲರು. ಕಂಪ್ಯೂಟರ್‌ನಲ್ಲಿ ಉಚಿತ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಪರದೆಯ ಕನ್ನಡವನ್ನು ಓದಿ ಹೇಳುತ್ತವೆ. ದಾರಿ ಕಟ್ಟೋದು ಮೂರು ಕಡೆ. ಕ್ಯಾಪ್ಚಾ ಬರೀ ಚಿತ್ರವಾಗಿದ್ದರೆ ಅಲ್ಲೇ ನಿಲ್ಲಬೇಕು. ಸ್ಕ್ಯಾನ್ ಮಾಡಿದ ಆದೇಶ ಫೋಟೊ ಅಷ್ಟೇ, ಅದರಲ್ಲಿ ಓದಲು ಅಕ್ಷರವೇ ಇಲ್ಲ. ಮೂರನೆಯದು ನಮ್ಮದೇ ಕೊಡುಗೆ: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್. ನೋಡೋಕೆ ಕನ್ನಡ, ಒಳಗೆ ಬೇರೆಯದೇ ಸಂಕೇತ. ತಂತ್ರಾಂಶ ಓದಿದರೆ ತಲೆಬುಡ ಇಲ್ಲದ ಶಬ್ದ.

ಆಗ ಗತಿ ಗ್ರಾಮ ಒನ್ ಅಥವಾ ಸೈಬರ್ ಸೆಂಟರ್. ಆಧಾರ್ ನಂಬರ್, ಬ್ಯಾಂಕ್ ಖಾತೆ, ಒಟಿಪಿ ಎಲ್ಲವನ್ನೂ ಇನ್ನೊಬ್ಬರ ಕೈಗೊಪ್ಪಿಸಬೇಕು. ಇದು ಬರೀ ಅನಾನುಕೂಲ ಅಲ್ಲ, ಖಾಸಗಿತನವನ್ನೇ ಒತ್ತೆ ಇಟ್ಟಂತೆ.

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಏಪ್ರಿಲ್ 30ರಂದು ಇನ್ನೂ ಮುಂದೆ ಹೋಗಿ, ಡಿಜಿಟಲ್ ಪ್ರವೇಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು.

2011ರ ಜನಗಣತಿಯಲ್ಲೇ ರಾಜ್ಯದ ಅಂಗವಿಕಲರು 13.24 ಲಕ್ಷ. ಯೂನಿಕೋಡ್‌ನಲ್ಲಿ ಟೈಪ್ ಮಾಡೋಕೆ, ಕ್ಯಾಪ್ಚಾಗೆ ಧ್ವನಿ ಕೊಡೋಕೆ ಕೋಟಿಗಟ್ಟಲೆ ಬೇಕಿಲ್ಲ. ಟೆಂಡರ್‌ನಲ್ಲಿ ಒಂದು ಷರತ್ತು ಸಾಕು: ಕಣ್ಣು ಕಾಣದವರು ಬಳಸಿ ನೋಡಿ ಒಪ್ಪೋವರೆಗೆ ವೆಬ್‌ಸೈಟ್ ಕಟ್ಟಿದವರ ಬಿಲ್ ಪಾಸ್ ಆಗಬಾರದು.