ಸತುವಿನ ಮಿತಿ ಎಲ್ಲ ಮಣ್ಣಿಗೂ ಒಂದೇ ಅಲ್ಲ
ಮಣ್ಣಿನಲ್ಲಿ ಒಟ್ಟು ಸತು ಎಷ್ಟಿದೆ ಎಂಬುದಲ್ಲ, ಬೇರಿಗೆ ದಕ್ಕುವಷ್ಟು ಎಷ್ಟಿದೆ ಎಂಬುದೇ ರೈತರಿಗೆ ಬೇಕಾದ ಲೆಕ್ಕ. ಬಹುಪಾಲು ಸತು ಖನಿಜಗಳೊಳಗೆ, ಕಬ್ಬಿಣದ ಆಕ್ಸೈಡುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ 10 ಗ್ರಾಂ ಮಣ್ಣಿಗೆ ಲೋಹಗಳನ್ನು ಹಿಡಿದುಕೊಳ್ಳುವ ಡಿಟಿಪಿಎ ಎಂಬ ರಾಸಾಯನಿಕದ 20 ಮಿ.ಲೀ. ದ್ರಾವಣ ಬೆರೆಸಿ, 2 ಗಂಟೆ ಅಲುಗಾಡಿಸಿ, ಸೋಸಿದ ದ್ರವದಲ್ಲಿ ಸತುವನ್ನು ಅಳೆಯುತ್ತಾರೆ. ಕಿಲೋ ಮಣ್ಣಿಗೆ 0.6 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಮಿತಿ. ಅಲುಗಾಡಿಸುವ ಅವಧಿ, ವೇಗ, ಉಷ್ಣತೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸತು ಲೇಪಿಸಿದ ಬಕೆಟ್ಟಿನಲ್ಲಿ ಮಣ್ಣು ತಂದರಂತೂ ಮಾದರಿಯೇ ಕೆಟ್ಟಂತೆ.

ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ಈ ವಿಧಾನ ತಟಸ್ಥ ಹಾಗೂ ಸುಣ್ಣದ ಅಂಶವಿರುವ ಮಣ್ಣಿಗೆಂದೇ ರೂಪುಗೊಂಡದ್ದು. ದ್ರಾವಣದ ಪಿಎಚ್ 7.3. ಉತ್ತರ ಕರ್ನಾಟಕದ ಸುಣ್ಣಯುಕ್ತ ಕಪ್ಪು ಮಣ್ಣಿಗೆ ಅದು ಹೊಂದುತ್ತದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೂ ಅದೇ ದ್ರಾವಣ, ಅದೇ ಮಿತಿ ಎಂದರೆ ಒಪ್ಪುವುದು ಕಷ್ಟ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಸತುವಿನ ಅಂಕಿಯೂ ಇದೆ. ಅದನ್ನು ನಂಬಿಯೇ ರೈತರು ಜಿಂಕ್ ಸಲ್ಫೇಟ್‌ಗೆ ದುಡ್ಡು ಸುರಿಯಬೇಕು. ಮಣ್ಣಿನ ಬಗೆಗೂ ಬೆಳೆಗೂ ತಕ್ಕ ಮಿತಿಯನ್ನು ಹೊಲದಲ್ಲೇ ಬೆಳೆದು ನೋಡಿ ನಿಗದಿ ಮಾಡಲು ಕೃಷಿ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಹಣ ಕೊಡಬೇಕು. ಬಳಸಿದ ವಿಧಾನ ಯಾವುದೆಂಬುದನ್ನೂ ಚೀಟಿಯಲ್ಲಿ ಪಿಎಚ್ ಪಕ್ಕದಲ್ಲೇ ಮುದ್ರಿಸಲಿ.