ಹಿತ್ತಲ ಕೋಳಿ ಊರಿನ ಹೊಣೆ

ಕೋಳಿಯ ವಿಷಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಕೆಲವರು ನಗಬಹುದು. ನಗುವವರು ಮೊದಲು ತಮ್ಮ ಮನೆಯ ಲೆಕ್ಕವನ್ನು ನೋಡಿಕೊಳ್ಳಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ಜೋಳ, ಸಜ್ಜೆ, ಶೇಂಗಾ ಕೈಕೊಟ್ಟ ವರ್ಷ ಬಡವರ ಮನೆಗೆ ಉಳಿಯುವ ಆಸರೆ ನಾಲ್ಕು ಕುರಿ, ಹತ್ತು ಜವಾರಿ ಕೋಳಿ. ಬೆಳೆಯ ಹಣ ಗಂಡಸರ ಕೈಗೋ ಸಾಲ ಕೊಟ್ಟವರ ಕೈಗೋ ಸೇರುತ್ತದೆ. ಕೋಳಿಯ ಹಣ ಮಾತ್ರ ತಾಯಂದಿರ ಸೆರಗಿನ ಗಂಟಿನಲ್ಲಿರುತ್ತದೆ. ನಾನು ಕಾಲೇಜು ಸೇರಿದ ವರ್ಷ ಪುಸ್ತಕಗಳಿಗೆಂದು ನಮ್ಮವ್ವ ಕೊಟ್ಟ ಹಣ ಆ ಗಂಟಿನಿಂದಲೇ ಬಂದುದು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31 ಕೋಟಿಗೂ ಹೆಚ್ಚಿನವು ಹಿತ್ತಲಿನವೇ. ಇದನ್ನು ಅಲ್ಪ ವಿಷಯವೆನ್ನಲಾದೀತೇ?

ಹತ್ತು ಕೋಳಿಗಳ ಗೂಡು ಒಂದೇ ವಾರದಲ್ಲಿ ಬರಿದಾಗುವುದನ್ನು ಹಳ್ಳಿಯಲ್ಲಿ ಬೆಳೆದ ಯಾರು ಕಂಡಿಲ್ಲ? ಕೋಳಿ ಮಂಕಾಗಿ ತೂಕಡಿಸುತ್ತದೆ. ಹಸಿರಾಗಿ ಭೇದಿ ಮಾಡುತ್ತದೆ. ಬಾಯಿ ತೆರೆದು ಉಸಿರೆಳೆಯುತ್ತದೆ. ಕೆಲವು ಕತ್ತು ತಿರುಚಿಕೊಂಡು ಬೀಳುತ್ತವೆ. ಇದೇ ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಜಾವಾ ದ್ವೀಪದಲ್ಲಿಯೂ ಗುರುತಿಸಲ್ಪಟ್ಟ ಈ ಜಾಡ್ಯ ಕೆಲವೇ ಕಾಲದಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿಕೊಂಡಿತು. ಆದುದರಿಂದ ನಮ್ಮ ದೇಶದಲ್ಲಿ ಅದಕ್ಕೆ ರಾಣಿಖೇತ್ ರೋಗವೆಂದೇ ಹೆಸರು. ಅದನ್ನು ತಡೆಯುವ ಉಪಾಯವೂ ಅದೇ ಬೆಟ್ಟಗಳಲ್ಲಿ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಸಿದ್ಧವಾದ ಲಸಿಕೆಯನ್ನು ಇಂದಿಗೂ ಎಂಟು ವಾರ ತುಂಬಿದ ಕೋಳಿಗಳಿಗೆ ಚುಚ್ಚುತ್ತಾರೆ. ಎಳೆಯ ಮರಿಗಳಿಗೆ ಮೊದಲ ವಾರದಲ್ಲಿಯೇ ಕಣ್ಣಿಗೋ ಮೂಗಿಗೋ ಹನಿ ಹಾಕುವ ಸೌಮ್ಯ ಲಸಿಕೆ ಬೇರೆ ಇದೆ.

ಹೀಗಿದ್ದೂ ನಮ್ಮ ಕೋಳಿಗಳು ಸಾಯುವುದೇಕೆ? ಮದ್ದಿಲ್ಲದೆ ಅಲ್ಲ, ನಮ್ಮಲ್ಲಿ ಒಗ್ಗಟ್ಟಿಲ್ಲದೆ ಎಂದು ನನ್ನ ಅಭಿಪ್ರಾಯ. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಾಗುವಷ್ಟಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಯ ಒಡತಿ ಅದನ್ನು ತಂದು ಮಾಡುವುದೇನು? ಅವಳೊಬ್ಬಳು ಹಾಕಿಸಿದರೂ ನೆರೆಮನೆಯ ಕೋಳಿಗಳಲ್ಲಿ ರೋಗ ಉಳಿದೇ ಇರುತ್ತದೆ. ಇದು ಓಣಿ ಓಣಿಯೇ ಒಂದು ಮುಂಜಾನೆ ಕೂಡಿ ಮಾಡುವ ಕೆಲಸ.

ಒಗ್ಗಟ್ಟಿಲ್ಲದಿರುವುದಷ್ಟೇ ಅಲ್ಲ, ರೋಗ ಹಬ್ಬಲು ನಾವೇ ನೆರವಾಗುತ್ತೇವೆ. “ಕೋಳಿಗೆ ಬ್ಯಾನಿ ಬಂದೈತಿ, ಸಾಯೂದ್ರೊಳಗ ಮಾರಿಬಿಡೋಣು” ಎಂದು ಸಂತೆಗೆ ಒಯ್ಯುತ್ತೇವೆ. ಅಲ್ಲಿಂದ ಆ ರೋಗ ಹತ್ತೂರಿಗೆ ಹೋಗುತ್ತದೆ. ಸತ್ತುದನ್ನು ತಿಪ್ಪೆಗೆ ಎಸೆಯುತ್ತೇವೆ. ನಾಯಿ ಕಾಗೆಗಳು ಅದನ್ನು ಊರೆಲ್ಲ ಎಳೆದಾಡುತ್ತವೆ. ಮನುಷ್ಯರ ಗುಳಿಗೆಯನ್ನು ಅರೆದು ಕುಡಿಸುತ್ತೇವೆ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ನಡೆಯದು. ಜುಟ್ಟಿನ ಮೇಲೆ ಗಂಟೇಳಿಸುವ ಕೋಳಿ ಸಿಡುಬಿಗೂ ಇದೇ ಮಾತು. ಅದನ್ನು ಸೊಳ್ಳೆಗಳೂ ಹರಡುತ್ತವೆ. ರೋಗದ ಕೋಳಿಯನ್ನು ಬೇರೆ ಬುಟ್ಟಿಯಲ್ಲಿಡುವುದು, ಸತ್ತುದನ್ನು ಆಳವಾಗಿ ಹೂಳಿ ಸುಣ್ಣ ಚೆಲ್ಲುವುದು, ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಇಡುವುದು: ಇವಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.

ಇನ್ನೊಂದು ಎಚ್ಚರಿಕೆ. 2025ರಲ್ಲಿ ನೆರೆಯ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಅದು ಅಪರೂಪವಾಗಿ ಮನುಷ್ಯರಿಗೂ ತಗಲಬಲ್ಲದು. ನೋಟಕ್ಕೆ ಅದಕ್ಕೂ ಕೊಕ್ಕರೆ ರೋಗಕ್ಕೂ ಭೇದ ತಿಳಿಯದು. ಕೋಳಿಗಳು ಒಮ್ಮೆಲೇ ಸಾಲಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಅಡಿಗೆಗೆ ಬಳಸದೆ, ಪಶು ಆಸ್ಪತ್ರೆಗೆ ತಿಳಿಸುವುದು ನಮ್ಮ ಧರ್ಮ.

ವೈದ್ಯರು ಸಾಲದೆಂದು ದೂರುವುದು ಸುಲಭ. ಆದರೆ ಕಾಯುತ್ತ ಕೂರಬೇಕಾಗಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಬಿಸಿಲನ್ನು ಹೆಚ್ಚು ತಾಳಬಲ್ಲ ಐ-2 ಲಸಿಕೆಯನ್ನು ಮೊಜಾಂಬಿಕ್, ಟಾಂಜಾನಿಯಗಳಲ್ಲಿ ತರಬೇತಿ ಪಡೆದ ಹಳ್ಳಿಗರೇ ಕೋಳಿಯ ಕಣ್ಣಿಗೆ ಹನಿ ಹನಿಯಾಗಿ ಹಾಕಿದ್ದಾರೆ. ಅವರು ಮಾಡಿದುದು ನಮಗೆ ಅಸಾಧ್ಯವೇ?

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಒಳ್ಳೆಯದೇ. ಅದರ ಜೊತೆಗೆ ಮನೆ ಮನೆಗೆ ಹೋಗಿ ಕೋಳಿಗಳನ್ನೆಣಿಸಿ ಪಟ್ಟಿ ಮಾಡೋಣ. ಪಶು ವೈದ್ಯರೊಡನೆ ದಿನ ಗೊತ್ತುಮಾಡೋಣ. ಹಿಂದಿನ ಸಂಜೆ ಡಂಗುರ ಹೊಡೆಸೋಣ. ಬೆಳಗಿನ ಜಾವ ಕೋಳಿಗಳನ್ನು ಗೂಡಿನಿಂದ ಬಿಡುವ ಮುನ್ನವೇ ಸೀಸೆ ಓಣಿಗೆ ಬರಲಿ. ಓದಿದವರು ಹಳ್ಳಿಗೆ ತೀರಿಸಬೇಕಾದ ಋಣದಲ್ಲಿ ಇದು ಬಹಳ ಚಿಕ್ಕ ಕಂತು. ಈ ವರ್ಷದ ಶಿಬಿರದಲ್ಲಿಯೇ ಅದನ್ನು ಸಲ್ಲಿಸೋಣ.